ಟ್ಯಾಂಗ್‌ಮಿಯರ್‌ನಿಂದ ಹಾರಿದವರ ಗೋರಿ ಎಲ್ಲಿದೆ?

ಇವತ್ತು ಟ್ಯಾಂಗ್‌ಮಿಯರ್‌ನ ಹಳೆಯ ವಿಮಾನ ಮೈದಾನದಲ್ಲಿ ಬೆಳೆಯುವುದು ದೊಣ್ಣೆ ಮೆಣಸಿನಕಾಯಿ. ಉದ್ದಕ್ಕೂ ಗಾಜಿನ ಮನೆಗಳು, ಅವುಗಳಾಚೆ ಹೊಲ, ಹೊಸ ಮನೆಗಳ ಸಾಲು. ಇಂಗ್ಲೆಂಡಿನ ದಕ್ಷಿಣದಲ್ಲಿ, ಚಿಚೆಸ್ಟರ್‌ನಿಂದ ಪೂರ್ವಕ್ಕೆ ಸುಮಾರು 5 ಕಿಲೋಮೀಟರ್ ದೂರದ ಹಳ್ಳಿ ಇದು. ಉತ್ತರಕ್ಕೆ ಸೌತ್ ಡೌನ್ಸ್ ಗುಡ್ಡಸಾಲು. ದಕ್ಷಿಣಕ್ಕೆ ಹತ್ತಿರದಲ್ಲೇ ಸಮುದ್ರ, ಸಮುದ್ರದಾಚೆ ಫ್ರಾನ್ಸ್. ಎರಡನೇ ಮಹಾಯುದ್ಧದಲ್ಲಿ ಈ ಚಪ್ಪಟೆ ನೆಲಕ್ಕೆ ಅಷ್ಟು ಬೆಲೆ ಬಂದಿದ್ದು ಆ ಕೊನೆಯ ಕಾರಣಕ್ಕೆ.

ಈ ಒಂದೇ ನೆಲೆಗೆ ಸೇರಿದ ಮೂವರನ್ನು ಇಲ್ಲಿ ನೋಡೋಣ. ಒಬ್ಬರು ಊರಿನ ಚರ್ಚಿನ ಅಂಗಳದಲ್ಲೇ ಮಣ್ಣಾದರು. ಇನ್ನೊಬ್ಬರು ಪಕ್ಕದ ಹಳ್ಳಿಯ ಚರ್ಚಿನಲ್ಲಿ. ಅವರ ಹೆಸರಿನಲ್ಲಿ ಅಲ್ಲಿ ಬಣ್ಣದ ಗಾಜಿನ ಕಿಟಕಿಯೂ ಇದೆ. ಮೂರನೆಯವರಿಗೆ ಎಲ್ಲೂ ಗೋರಿ ಇಲ್ಲ. ಹಾಗಂತ ಮೂವರಲ್ಲಿ ಒಬ್ಬರ ಧೈರ್ಯ ಹೆಚ್ಚು, ಇನ್ನೊಬ್ಬರದು ಕಡಿಮೆ ಅಂತೇನೂ ಇಲ್ಲ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ನನಗೆ ಕಾಣುವ ಮಟ್ಟಿಗೆ ಉತ್ತರ ಬಹಳ ಸಾದಾ. ದೇಹ ಎಲ್ಲಿ ಸಿಕ್ಕಿತು, ಅದನ್ನು ಒಯ್ಯಲು ಹತ್ತಿರದಲ್ಲಿ ಯಾರಿದ್ದರು, ಆಮೇಲೆ ಅವರ ಹೆಸರು ಯಾರಿಗೆ ಬೇಕಾಯಿತು. ಅಷ್ಟೇ.

ಮೊದಲು ಊರಿನ ಕಥೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಇಲ್ಲಿ ವಿಮಾನ ಮೈದಾನ ಶುರುವಾಯಿತು. ಯುದ್ಧ ಮುಗಿದ ಮೇಲೆ ಬಾಗಿಲು ಹಾಕಿ, 1925ರಲ್ಲಿ ಮತ್ತೆ ತೆರೆದರು. 1939ರಲ್ಲಿ ಅದನ್ನು ಹಿಗ್ಗಿಸಬೇಕಾಯಿತು. ಊರಿಗಿದ್ದ ಒಂದೇ ಹೋಟೆಲ್ ಹೋಯಿತು, ಕೆಲವು ಮನೆಗಳನ್ನೂ ಕೆಡವಿದರು. ಊರಿನ ನಡುವಿನ ಮನೆಗಳಲ್ಲಿ ಹೆಚ್ಚಿನವನ್ನು ವಾಯುಪಡೆ ವಶಕ್ಕೆ ತೆಗೆದುಕೊಂಡಿತು. ಆರೆಂಟು ಕುಟುಂಬಗಳಿಗೆ ಮಾತ್ರ ಇರಲು ಬಿಟ್ಟರಂತೆ. ಉಳಿದವರು ಗಂಟುಮೂಟೆ ಕಟ್ಟಿದರು. ಟ್ಯಾಂಗ್‌ಮಿಯರ್ ಮತ್ತೆ ಸಾಮಾನ್ಯ ಜನರ ಊರಾಗಿದ್ದು 1966ರಲ್ಲಿ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಳ್ಳಿಯ ಚರ್ಚು ಅಂದರೆ ಹಳ್ಳಿಯವರೇ ತಮ್ಮ ಊರಿನ ಸತ್ತವರನ್ನು ನೆನೆಯುವ ಜಾಗ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಹಳ್ಳಿಯವರೇ ಇರಲಿಲ್ಲ. ಸೇಂಟ್ ಆಂಡ್ರ್ಯೂ ಚರ್ಚು ಇತ್ತು. 12ನೇ ಶತಮಾನದ ಸಣ್ಣ ಕಟ್ಟಡ, ಅಂಗಳದಲ್ಲಿ ಬಹಳ ಹಳೆಯದೊಂದು ಯೂ ಮರ. ಸುತ್ತ ಓಡಾಡುತ್ತಿದ್ದವರು ಮೆಕ್ಯಾನಿಕ್‌ಗಳು, ಪೈಲಟ್‌ಗಳು, ಅಡುಗೆಯವರು, ಗುಮಾಸ್ತರು. ಎಲ್ಲರೂ ಬೇರೆ ಬೇರೆ ಕಡೆಯಿಂದ ಬಂದವರು. ತಲೆತಲಾಂತರದಿಂದ ಒಕ್ಕಲುಮಕ್ಕಳನ್ನು ಹೂಳುತ್ತಿದ್ದ ಅಂಗಳದಲ್ಲಿ ಈಗ ಊರಿನವರಿಗೆ ಮುಖಪರಿಚಯವೂ ಇಲ್ಲದವರಿಗೆ ಗುಂಡಿ ತೋಡಲು ಶುರುವಾಯಿತು.

ಆ ಅಂಗಳದಲ್ಲಿ ಇರುವವರಲ್ಲಿ ಒಬ್ಬರು ಸೀಸರ್ ಹಲ್. ಹುಟ್ಟಿದ್ದು 1914ರಲ್ಲಿ, ಆಗ ದಕ್ಷಿಣ ರೊಡೇಷಿಯಾ ಎನ್ನುತ್ತಿದ್ದ, ಈಗಿನ ಜಿಂಬಾಬ್ವೆಯಲ್ಲಿ. ಬೆಳೆದಿದ್ದು ದಕ್ಷಿಣ ಆಫ್ರಿಕಾದಲ್ಲಿ. 1934ರ ಎಂಪೈರ್ ಗೇಮ್ಸ್‌ನಲ್ಲಿ ಆ ದೇಶದ ಪರವಾಗಿ ಬಾಕ್ಸಿಂಗ್ ಮಾಡಿದ್ದರು. ಮರುವರ್ಷ ಬ್ರಿಟಿಷ್ ವಾಯುಪಡೆ ಸೇರಿ ಟ್ಯಾಂಗ್‌ಮಿಯರ್‌ನ 43ನೇ ಸ್ಕ್ವಾಡ್ರನ್‌ಗೆ, ಅಂದರೆ ವಿಮಾನ ತುಕಡಿಗೆ, ಬಂದರು. 1940ರ ಮೇ ತಿಂಗಳಲ್ಲಿ ನಾರ್ವೆಯ ಬೋಡೋದಲ್ಲಿ, ಎರಡಂತಸ್ತಿನ ರೆಕ್ಕೆಯ ಹಳೇ ಗ್ಲೇಡಿಯೇಟರ್ ವಿಮಾನದಲ್ಲಿ ಜರ್ಮನ್ನರ ಎದುರು ಕಾದಾಡಿ ಗಾಯಗೊಂಡರು. ವಾಸಿಯಾಗಿ ವಾಪಸ್ ಬಂದಾಗ 43ನೇ ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದ ಜಾನ್ ಬ್ಯಾಜರ್ ಅವರನ್ನು ಶತ್ರುಗಳು ಆಗಸ್ಟ್ 30ರಂದು ಹೊಡೆದುರುಳಿಸಿದರು. ಆ ಜಾಗಕ್ಕೆ ಹಲ್ ಬಂದರು. ಒಂದು ವಾರ ಕಳೆಯಿತು, ಅಷ್ಟೇ. ಸೆಪ್ಟೆಂಬರ್ 7ರಂದು ಜರ್ಮನ್ನರು ಲಂಡನ್ ಮೇಲೆ ದೊಡ್ಡ ದಾಳಿ ಶುರು ಮಾಡಿದ ದಿನ, ಪರ್ಲಿ ಬಳಿ ಅವರ ಹರಿಕೇನ್ ಯುದ್ಧವಿಮಾನ ನೆಲಕ್ಕೆ ಬಿತ್ತು. ಆಗ ಅವರಿಗೆ 26 ವರ್ಷ.

ಅದೇ ದಿನ, ಅದೇ ಸ್ಕ್ವಾಡ್ರನ್‌ನ ಇನ್ನೊಬ್ಬರೂ ಸತ್ತರು. ಡಿಕ್ ರೇನೆಲ್, ಆಸ್ಟ್ರೇಲಿಯಾದವರು. ವಿಮಾನ ತಯಾರಿಸುವ ಹಾಕರ್ ಕಂಪನಿಯಲ್ಲಿ ಟೆಸ್ಟ್ ಪೈಲಟ್. ಯುದ್ಧದ ಅನುಭವ ಪಡೆಯಲಿ ಅಂತ ಕೆಲವು ದಿನಗಳ ಮಟ್ಟಿಗೆ 43ಕ್ಕೆ ಕಳಿಸಿದ್ದರು. ಅವರಿಗೆ ಟ್ಯಾಂಗ್‌ಮಿಯರ್‌ನಲ್ಲಿ ಗೋರಿಯಾಗಲಿಲ್ಲ. ಇಂಗ್ಲೆಂಡಿನಲ್ಲೇ ಸಂಸಾರವಿತ್ತು, ಆದ್ದರಿಂದ ಸರ್ರೆಯ ಒಂದು ಹಳ್ಳಿಯ ಚರ್ಚಿನಂಗಳಕ್ಕೆ ಹೋದರು. ಹಲ್ ಅವರ ಮನೆ ಇದ್ದದ್ದು ಸಾವಿರಾರು ಮೈಲಿ ದೂರದಲ್ಲಿ. ಅವರು ಜೊತೆಗಾರರ ಪಕ್ಕದಲ್ಲೇ ಉಳಿದರು.

ಇದು ಇವರಿಬ್ಬರ ಕಥೆ ಮಾತ್ರ ಅಲ್ಲ. ಬ್ರಿಟನ್ನಿನ ನೆಲದಲ್ಲೇ ಸತ್ತ ಸೈನಿಕನ ದೇಹವನ್ನು ಮನೆಯವರು ಕೇಳಿದರೆ ಅವರ ಊರಿಗೆ ಕಳಿಸುತ್ತಿದ್ದರು. ಯಾರ್ಕ್‌ಶೈರ್ ಹುಡುಗ ಯಾರ್ಕ್‌ಶೈರ್‌ಗೆ, ಸ್ಕಾಟ್ಲೆಂಡ್ ಹುಡುಗ ಸ್ಕಾಟ್ಲೆಂಡಿಗೆ ರೈಲಿನಲ್ಲಿ ಹೋದ. ಕೆನಡಾ, ನ್ಯೂಜಿಲೆಂಡ್, ಪೋಲೆಂಡ್, ಚೆಕ್ ನಾಡಿನವರು ಎಲ್ಲಿಗೆ ಹೋಗಬೇಕು? ಸಮುದ್ರ ದಾಟಿಸಿ ಶವ ಕಳಿಸುವ ಪದ್ಧತಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿ ಇರಲಿಲ್ಲ. ಹಾಗಾಗಿ ವಾಯುನೆಲೆಯ ಪಕ್ಕದ ಚರ್ಚುಗಳಲ್ಲಿ ದೂರದೂರಿನವರ ಹೆಸರೇ ಎದ್ದು ಕಾಣುತ್ತದೆ. ಗೋರಿ ಎಣಿಸಿ ಈ ನೆಲೆಯಲ್ಲಿ ಇಷ್ಟು ಜನ ಸತ್ತರು ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ. ಅಂಗಳದಲ್ಲಿ ಉಳಿದವರು ಸತ್ತವರಲ್ಲಿ ಒಂದು ಪಾಲು ಮಾತ್ರ.

ಇನ್ನೊಂದು ಪಾಲೂ ಅಲ್ಲೇ ಇದೆ. ಜರ್ಮನ್ನರು. ಟ್ಯಾಂಗ್‌ಮಿಯರ್ ಮೇಲೆ ಬಾಂಬು ಹಾಕಲು ಬಂದ ಪಡೆಯವರನ್ನೂ ಅದೇ ಚರ್ಚಿನಂಗಳದಲ್ಲಿ ಹೂಳಿದರು. ಸಮುದ್ರದಾಚೆಯ ಮನೆಗೆ ಕಳಿಸಲು ಆಗದೆ ಇದ್ದದ್ದು ಅವರ ವಿಷಯದಲ್ಲೂ ಅಷ್ಟೇ ನಿಜ. ಯುದ್ಧ ಮುಗಿದು ಬಹಳ ದಿನದ ಮೇಲೆ, 1959ರಲ್ಲಿ, ಬ್ರಿಟನ್ನಿಗೂ ಪಶ್ಚಿಮ ಜರ್ಮನಿಗೂ ಒಂದು ಒಪ್ಪಂದವಾಯಿತು. ದೇಶದ ತುಂಬ ಅಲ್ಲೊಂದು ಇಲ್ಲೊಂದು ಅಂತ ಚದುರಿದ್ದ ಜರ್ಮನ್ ಗೋರಿಗಳನ್ನು ತೆಗೆದು ಸ್ಟಾಫರ್ಡ್‌ಶೈರ್‌ನ ಕ್ಯಾನಕ್ ಚೇಸ್‌ಗೆ ಸೇರಿಸಿದರು. ಸುಮಾರು 5,000 ಮಂದಿ ಈಗ ಅಲ್ಲಿದ್ದಾರೆ. ಆದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ ನೋಡಿಕೊಳ್ಳುತ್ತಿದ್ದ ಜಾಗಗಳಲ್ಲಿದ್ದವರನ್ನು ಹಾಗೇ ಬಿಟ್ಟರು. ಟ್ಯಾಂಗ್‌ಮಿಯರ್‌ನಲ್ಲಿ ಅವರು ಉಳಿದದ್ದು ಹೀಗೆ. ಬ್ರಿಟಿಷ್ ಕಲ್ಲಿನ ತಲೆ ದುಂಡಗೆ, ಜರ್ಮನ್ ಕಲ್ಲಿನ ತಲೆ ಚೂಪು. ಹುಲ್ಲು ಕತ್ತರಿಸುವವರು ಮಾತ್ರ ಒಬ್ಬರೇ.

ಈಗ 1940ರ ಆಗಸ್ಟ್ 16ಕ್ಕೆ ಬರೋಣ. ಶುಕ್ರವಾರ. ಮಧ್ಯಾಹ್ನ ಸುಮಾರು ಒಂದು ಗಂಟೆ. ಸ್ಟೂಕಾ ವಿಮಾನಗಳು ಸಮುದ್ರದ ಕಡೆಯಿಂದ ಬಂದವು. ಸ್ಟೂಕಾ ಅಂದರೆ ಮೇಲಿಂದ ನೇರ ಕೆಳಗೆ ಧುಮುಕಿ ಬಾಂಬು ಬಿಡುವ ವಿಮಾನ. ಹ್ಯಾಂಗರ್‌ಗಳು, ವರ್ಕ್‌ಶಾಪು, ಆಸ್ಪತ್ರೆ ಕಟ್ಟಡ ಎಲ್ಲಕ್ಕೂ ಪೆಟ್ಟು ಬಿತ್ತು. ನೆಲದಲ್ಲಿ ನಿಂತಿದ್ದ ವಿಮಾನಗಳು ಸುಟ್ಟವು. ವಾಯುಪಡೆಯ ನೆಲದ ಸಿಬ್ಬಂದಿ, ಜೊತೆಗೆ ಕೆಲವು ಸಾಮಾನ್ಯ ಜನ ಸತ್ತರು. ನೆಲೆಯ ಡಾಕ್ಟರ್ ಕೋರ್ಟ್ನಿ ವಿಲ್ಲಿ ತಮಗೇ ಗಾಯವಾಗಿದ್ದರೂ ಗಾಯಾಳುಗಳ ಆರೈಕೆ ಬಿಡಲಿಲ್ಲ. ಅದಕ್ಕೆ ಅವರಿಗೆ ಮಿಲಿಟರಿ ಕ್ರಾಸ್ ಸಿಕ್ಕಿತು.

ದಾಳಿ ನಡೆಯುತ್ತಿದ್ದ ಹೊತ್ತಿಗೇ 601ನೇ ಸ್ಕ್ವಾಡ್ರನ್‌ನ ಒಂದು ಹರಿಕೇನ್ ಹೊಗೆ ಉಗುಳುತ್ತ ವಾಪಸ್ ಬಂತು. ಒಳಗಿದ್ದವರು ಬಿಲ್ಲಿ ಫಿಸ್ಕ್. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಬಹುದಿತ್ತು. ಜಿಗಿಯದೆ ವಿಮಾನವನ್ನು ಮೈದಾನಕ್ಕೇ ಇಳಿಸಿದರು. ಉರಿಯುತ್ತಿದ್ದ ವಿಮಾನದಿಂದ ಇಬ್ಬರು ವೈದ್ಯಕೀಯ ಸಹಾಯಕರು ಅವರನ್ನು ಎಳೆದು ಹೊರಗೆ ತಂದರು. ಕೈ, ಕಾಲು ಸುಟ್ಟಿದ್ದವು. ಬದುಕುತ್ತಾರೆ ಅಂದುಕೊಂಡಿದ್ದರು. ಮಾರನೇ ದಿನ ಚಿಚೆಸ್ಟರ್ ಆಸ್ಪತ್ರೆಯಲ್ಲಿ ತೀರಿಕೊಂಡರು. 29 ವರ್ಷ.

ಫಿಸ್ಕ್ ಅಮೆರಿಕದವರು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಅದು ಇಳಿದಿದ್ದು 1941ರ ಡಿಸೆಂಬರ್‌ನಲ್ಲಿ. ತಾನು ಕೆನಡಾದವನು ಅಂತ ಹೇಳಿಕೊಂಡು ಸೇರಿದ ಹುಡುಗ ಇವರು. ದೊಡ್ಡ ಬ್ಯಾಂಕರ್ ಮನೆತನ, ಕೇಂಬ್ರಿಡ್ಜ್ ಓದು. 601ನೇ ಸ್ಕ್ವಾಡ್ರನ್‌ಗೆ ಜನ ಇಟ್ಟ ಅಡ್ಡಹೆಸರೇ ಕೋಟ್ಯಧೀಶರ ಸ್ಕ್ವಾಡ್ರನ್. ಅದಕ್ಕೂ ಮೊದಲೇ ಫಿಸ್ಕ್ ಹೆಸರುವಾಸಿ. 1928ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೆಡ್ (ಹಿಮದ ಇಳಿಜಾರಿನಲ್ಲಿ ಜಾರುಬಂಡಿ ಓಟ) ತಂಡಕ್ಕೆ ಚಿನ್ನ ಬಂದಾಗ ಬಂಡಿ ನಡೆಸಿದ್ದು ಇವರೇ, ಆಗ 16 ವರ್ಷ. 1932ರಲ್ಲಿ ಮತ್ತೆ ಚಿನ್ನ.

ಆಗಸ್ಟ್ 20ರಂದು ಬಾಕ್ಸ್‌ಗ್ರೋವ್ ಹಳ್ಳಿಯ ಚರ್ಚಿನಲ್ಲಿ ಮಣ್ಣು ಮಾಡಿದರು. ಟ್ಯಾಂಗ್‌ಮಿಯರ್‌ಗೆ ಎರಡು ಮೂರು ಕಿಲೋಮೀಟರ್ ಅಷ್ಟೇ. ಶವಪೆಟ್ಟಿಗೆ ಮೇಲೆ ಎರಡು ಬಾವುಟ, ಒಂದು ಬ್ರಿಟನ್ನಿನದು, ಒಂದು ಅಮೆರಿಕದ್ದು. ಬಾಕ್ಸ್‌ಗ್ರೋವ್ ಚರ್ಚೇ ಬೇರೆ ತರಹದ್ದು. 12ನೇ ಶತಮಾನದಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠವಾಗಿ ಶುರುವಾಗಿ, ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಹಳ್ಳಿಯ ಚರ್ಚಾಗಿ ಉಳಿದ ಕಟ್ಟಡ. ಹಳ್ಳಿಗೆ ಹೋಲಿಸಿದರೆ ತುಂಬಾ ದೊಡ್ಡದು. ಚಾವಣಿಯ ತುಂಬ 16ನೇ ಶತಮಾನದ ಹೂ ಬಳ್ಳಿಯ ಚಿತ್ತಾರ.

ಮುಂದಿನ ವರ್ಷ, 1941ರ ಜುಲೈ 4ರಂದು, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ನೆಲಮಾಳಿಗೆಯಲ್ಲಿ ಫಿಸ್ಕ್ ಹೆಸರಿನ ಫಲಕ ಇಟ್ಟರು. ಇಂಗ್ಲೆಂಡ್ ಬದುಕಲಿ ಎಂದು ಸತ್ತ ಅಮೆರಿಕದ ಪ್ರಜೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ದಿನಾಂಕ ನೋಡಿ. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಅಮೆರಿಕವನ್ನು ಹೇಗಾದರೂ ತಮ್ಮ ಕಡೆ ಎಳೆಯಬೇಕು ಅಂತ ಬ್ರಿಟನ್ ಒದ್ದಾಡುತ್ತಿದ್ದ ಕಾಲ. ಸತ್ತ ಹುಡುಗನ ಹೆಸರು ಆ ಕೆಲಸಕ್ಕೂ ಬಂತು. ಇದರಲ್ಲಿ ಫಿಸ್ಕ್ ಅವರ ತಪ್ಪೇನಿಲ್ಲ. ಅವರ ಸಾವು ಸಣ್ಣದೂ ಆಗುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬಾಕ್ಸ್‌ಗ್ರೋವ್ ಚರ್ಚಿಗೆ ಅವರ ನೆನಪಿನ ಬಣ್ಣದ ಗಾಜಿನ ಕಿಟಕಿಯೂ ಬಂತು. ಸತ್ತು 68 ವರ್ಷವಾದ ಮೇಲೆ.

ನನ್ನನ್ನು ಕಾಡುವುದು ಅದೇ ಮಧ್ಯಾಹ್ನ ನೆಲದ ಮೇಲೆ ಸತ್ತವರು. ವಿಮಾನ ರಿಪೇರಿಯವರು, ಅಡುಗೆಯವರು, ಕೂಲಿಯವರು. ಬಾಂಬು ಬಿದ್ದಾಗ ಅವರ ಕೈಯಲ್ಲಿ ಪಾನಾ ಇತ್ತೋ ಸೌಟು ಇತ್ತೋ. ಅವರ ಹೆಸರು ಪಟ್ಟಿಯಲ್ಲಿ ಇದೆ, ಕಲ್ಲಿನಲ್ಲೂ ಇದೆ. ಕಥೆಯಲ್ಲಿ ಮಾತ್ರ ಇಲ್ಲ. ವೀರಗಲ್ಲು ನೋಡಿ ಬೆಳೆದ ನಮಗೆ ಇದು ಹೊಸದಲ್ಲ ಬಿಡಿ. ಕಲ್ಲಿನ ನಡುವೆ ಕತ್ತಿ ಹಿಡಿದವನೇ ದೊಡ್ಡದಾಗಿ ನಿಂತಿರುತ್ತಾನೆ.

ಮೂರನೆಯ ಬಗೆಯ ಸಾವಿಗೆ ಬಾಂಬಿನ ಸದ್ದೂ ಇಲ್ಲ, ಬೆಂಕಿಯೂ ಇಲ್ಲ. ಅದು ಶುರುವಾಗುವುದು ಒಂದು ಸಣ್ಣ ಮನೆಯಲ್ಲಿ. ನೆಲೆಯ ಮುಖ್ಯ ಗೇಟಿನ ಎದುರಿಗೆ ಟ್ಯಾಂಗ್‌ಮಿಯರ್ ಕಾಟೇಜ್ ಅಂತ ಒಂದು ಹಳೇ ಮನೆ. ಹುಣ್ಣಿಮೆ ಹತ್ತಿರವಾದ ಹಾಗೆ ಅಲ್ಲಿಗೆ 161ನೇ ಸ್ಕ್ವಾಡ್ರನ್‌ನ ಪೈಲಟ್‌ಗಳು ಬಂದು ಬಿಡಾರ ಹೂಡುತ್ತಿದ್ದರು. ಬ್ರಿಟನ್ನಿನ ಗುಟ್ಟಿನ ಏಜೆಂಟರನ್ನು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಒಯ್ದು ಇಳಿಸುವುದು, ಅಲ್ಲಿಂದ ಕರೆತರುವುದು ಅವರ ಕೆಲಸ. ಅವರ ಕಾಯಂ ನೆಲೆ ಬೆಡ್‌ಫರ್ಡ್‌ಶೈರ್‌ನ ಟೆಂಪ್ಸ್‌ಫರ್ಡ್. ಅಲ್ಲಿಂದ ಫ್ರಾನ್ಸ್ ದೂರ, ಟ್ಯಾಂಗ್‌ಮಿಯರ್‌ನಿಂದ ಹತ್ತಿರ. ಹಾಗಾಗಿ ಬೆಳದಿಂಗಳ ದಿನಗಳಿಗೆ ಮಾತ್ರ ಈ ಮನೆ.

ಅವರ ವಿಮಾನ ಲೈಸ್ಯಾಂಡರ್. ನಿಧಾನ, ನೋಡಲು ಮಿಡತೆಯಂತೆ. ಬಂದೂಕು ಬಿಚ್ಚಿ, ಹೊಟ್ಟೆಯ ಕೆಳಗೆ ಇನ್ನೊಂದು ಪೆಟ್ರೋಲ್ ಟ್ಯಾಂಕು ಕಟ್ಟಿ, ಪಕ್ಕಕ್ಕೆ ಕಬ್ಬಿಣದ ಏಣಿ ಜೋಡಿಸಿದ್ದರು. ಫ್ರಾನ್ಸಿನ ಯಾವುದೋ ಹುಲ್ಲುಗಾವಲಲ್ಲಿ ನೆಲದ ಮೇಲೆ ಮೂರು ಟಾರ್ಚು ಹೊತ್ತಿಕೊಂಡಿರುತ್ತಿದ್ದವು. ಆ ಮೂರೇ ಬೆಳಕು ನೋಡಿ ಇಳಿಯಬೇಕು. ಬಂದವರು ಏಣಿ ಇಳಿದು, ಹೋಗುವವರು ಹತ್ತಿ, ಮತ್ತೆ ಏಳಬೇಕು. ಎಲ್ಲ ಕೆಲವೇ ನಿಮಿಷದಲ್ಲಿ. ದಾರಿ ಹುಡುಕಲು ಪೈಲಟ್ ಮಡಿಲಲ್ಲಿ ನಕ್ಷೆ, ಕೆಳಗೆ ಬೆಳದಿಂಗಳಲ್ಲಿ ಹೊಳೆಯುವ ನದಿ. ಬೇರೆ ಸಹಾಯ ಇಲ್ಲ. 1943ರ ಡಿಸೆಂಬರ್‌ನ ಒಂದು ರಾತ್ರಿ ಇವರು ವಾಪಸ್ ಬರುವಷ್ಟರಲ್ಲಿ ಊರಿನ ಮೇಲೆ ಮಂಜು ಕವಿದಿತ್ತು. ಇಳಿಯಲು ನೆಲ ಕಾಣದೆ ಇಬ್ಬರು ಪೈಲಟ್‌ಗಳು ಸತ್ತರು, ಒಬ್ಬರ ಜೊತೆ ಪ್ರಯಾಣಿಕರೂ.

ಅದೇ ವರ್ಷ ಜೂನ್ 16ರ ರಾತ್ರಿ ಇಲ್ಲಿಂದ ಎರಡು ಲೈಸ್ಯಾಂಡರ್ ಹೊರಟವು. ಪ್ರಯಾಣಿಕರಲ್ಲಿ ಮೂವರು ಹೆಂಗಸರು: ಡಯಾನಾ ರೌಡನ್, ಸೆಸಿಲಿ ಲೆಫೋರ್, ನೂರ್ ಇನಾಯತ್ ಖಾನ್. ಅವರನ್ನು ಬೀಳ್ಕೊಡಲು, ಏಜೆಂಟರನ್ನು ಕಳಿಸುತ್ತಿದ್ದ ಲಂಡನ್ ಕಚೇರಿಯಿಂದ ವೆರಾ ಆಟ್ಕಿನ್ಸ್ ಬಂದಿದ್ದರು. ಆಕೆಯ ಕೋಟಿನ ಮೇಲಿದ್ದ ಬೆಳ್ಳಿಯ ಹಕ್ಕಿಯ ಪಿನ್ನನ್ನು ನೂರ್ ಮೆಚ್ಚಿದರು. ಆಟ್ಕಿನ್ಸ್ ಅಲ್ಲೇ ಬಿಚ್ಚಿ ಕೊಟ್ಟರು ಅನ್ನುತ್ತಾರೆ.

ನೂರ್ ಹುಟ್ಟಿದ್ದು ಮಾಸ್ಕೋದಲ್ಲಿ, 1914ರ ಜನವರಿ 1ರಂದು. ತಾಯಿ ಅಮೆರಿಕದವರು. ತಂದೆ ಬರೋಡಾದ ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್. ನಮ್ಮ ನೆಲದ ನಂಟು ಇಲ್ಲಿದೆ. ತಂದೆಯ ತಾತ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದವರು, ಕರ್ನಾಟಕ ಸಂಗೀತವನ್ನೂ ಕಲಿತ ಉತ್ತರದ ಗವಾಯಿ. ಅವರ ಹೆಂಡತಿ ಟಿಪ್ಪು ಸುಲ್ತಾನನ ಮೊಮ್ಮಗಳು ಎಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರೆದುರು ಕಾದಾಡಿ ಸತ್ತವನ ವಂಶದ ಹುಡುಗಿ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದು ವಿಚಿತ್ರ ಅನ್ನಿಸಬಹುದು. ನೂರ್‌ಗೆ ಆ ಗೊಂದಲ ಇದ್ದ ಹಾಗಿಲ್ಲ. ನಾಜಿಗಳ ವಿರುದ್ಧ ಈಗ ಹೋರಾಡುತ್ತೇನೆ, ಆಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲಬೇಕಾಗಬಹುದು ಎಂಬ ಅರ್ಥದ ಮಾತನ್ನು ಸಂದರ್ಶನದಲ್ಲೇ ಹೇಳಿದ್ದರಂತೆ.

ಪ್ಯಾರಿಸ್ ಪಕ್ಕದಲ್ಲಿ ಬೆಳೆದವರು, ಫ್ರೆಂಚ್ ನೀರು ಕುಡಿದಷ್ಟು ಸಲೀಸು. ವೀಣೆ ನುಡಿಸುತ್ತಿದ್ದರು. ಮಕ್ಕಳಿಗಾಗಿ ಬುದ್ಧನ ಜಾತಕ ಕಥೆಗಳನ್ನು ಬರೆದಿದ್ದರು. ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಇವರು. ಇಳಿದ ಕೆಲವೇ ದಿನಗಳಲ್ಲಿ ಅವರು ಸೇರಿದ್ದ ಪ್ಯಾರಿಸ್‌ನ ಏಜೆಂಟರ ಗುಂಪು ಸಿಕ್ಕಿಬಿತ್ತು. ವಾಪಸ್ ಬಾ ಅಂದರೂ ಬರಲಿಲ್ಲ. ಮನೆಯಿಂದ ಮನೆಗೆ ರೇಡಿಯೋ ಪೆಟ್ಟಿಗೆ ಹೊತ್ತು ತಿಂಗಳುಗಟ್ಟಲೆ ಸಂದೇಶ ಕಳಿಸಿದರು. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟರು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಕಾವ್ ಶಿಬಿರದಲ್ಲಿ ಇನ್ನೂ ಮೂವರು ಹೆಂಗಸರ ಜೊತೆ ಗುಂಡಿಕ್ಕಿ ಕೊಂದರು. ಅದಕ್ಕೂ ಮೊದಲು ಜುಲೈನಲ್ಲಿ ನಾಟ್ಸ್‌ವೈಲರ್ ಶಿಬಿರದಲ್ಲಿ ಡಯಾನಾ ರೌಡನ್ ಸತ್ತಿದ್ದರು. 1945ರ ಆರಂಭದಲ್ಲಿ ರಾವೆನ್ಸ್‌ಬ್ರೂಕ್‌ನಲ್ಲಿ ಸೆಸಿಲಿ ಲೆಫೋರ್. ಆ ಒಂದು ರಾತ್ರಿ ಟ್ಯಾಂಗ್‌ಮಿಯರ್ ಬಿಟ್ಟ ಮೂವರು ಹೆಂಗಸರಲ್ಲಿ ಒಬ್ಬರೂ ಮನೆಗೆ ಬರಲಿಲ್ಲ.

ಇವರ ದೇಹ ಸುಟ್ಟು ಬೂದಿಯಾಗಿತ್ತು. ಯಾವ ಚರ್ಚಿನಂಗಳಕ್ಕೆ ತರುವುದು? ಆಗ ಉಳಿಯುವುದು ಹೆಸರು ಮಾತ್ರ. ಹೆಸರಿಗೆ ನೆಲದ ಹಂಗಿಲ್ಲ, ಎಲ್ಲಿ ಬೇಕಾದರೂ ಕೆತ್ತಬಹುದು. ಲಂಡನ್ನಿನ ಪಶ್ಚಿಮಕ್ಕೆ ರನ್ನಿಮೀಡ್‌ನಲ್ಲಿ ಗೋರಿ ಇಲ್ಲದ ವಾಯುಪಡೆಯವರ ಸ್ಮಾರಕ ಇದೆ, 1953ರಲ್ಲಿ ತೆರೆದದ್ದು. 20,000ಕ್ಕೂ ಹೆಚ್ಚು ಹೆಸರುಗಳಲ್ಲಿ ನೂರ್ ಒಬ್ಬರು. ವಾಯುಪಡೆಯ ಮಹಿಳಾ ದಳದಲ್ಲಿ ಆಕೆಯ ಹೆಸರು ಇದ್ದುದರಿಂದ ಅಲ್ಲಿ ಜಾಗ. ಫ್ರಾನ್ಸಿನ ವಾಲಾನ್ಸೇಯಲ್ಲಿ ಏಜೆಂಟರ ಸ್ಮಾರಕ ಎದ್ದಿದ್ದು 1991ರಲ್ಲಿ. ಲಂಡನ್ನಿನ ಗೋರ್ಡನ್ ಸ್ಕ್ವೇರ್‌ನಲ್ಲಿ 2012ರಿಂದ ನೂರ್ ಅವರ ಅರೆಪ್ರತಿಮೆ. 2013ರ ಡಿಸೆಂಬರ್ 3ರಂದು ಟೆಂಪ್ಸ್‌ಫರ್ಡ್ ಹಳ್ಳಿಯಲ್ಲಿ, ಫ್ರಾನ್ಸ್ ಮತ್ತಿತರ ಕಡೆ ಹೋದ ಮಹಿಳಾ ಏಜೆಂಟರ ಸ್ಮಾರಕವನ್ನು ಆಗಿನ್ನೂ ಯುವರಾಜರಾಗಿದ್ದ ಚಾರ್ಲ್ಸ್ ತೆರೆದರು. 1943ರಲ್ಲಿ ಇವೆಲ್ಲ ಗುಟ್ಟು. ಬಾಯಿ ಬಿಡುವ ಹಾಗಿರಲಿಲ್ಲ. ಗುಟ್ಟಿನ ಕೆಲಸದವರಿಗೆ ನೆನಪು ತಡವಾಗಿಯೇ ಬರುತ್ತದೆ. ಒಮ್ಮೆ ಬರಲು ಶುರುವಾದರೆ ಸಾಲಾಗಿ ಬರುತ್ತದೆ, ಅದೂ ನಿಜ.

ಟ್ಯಾಂಗ್‌ಮಿಯರ್ ನೆಲೆಯ ಉಳಿದ ಕಥೆ ಚಿಕ್ಕದು. 1953ರಲ್ಲಿ ನೆವಿಲ್ ಡ್ಯೂಕ್ ಇಲ್ಲಿಂದ ಹಂಟರ್ ಜೆಟ್ ಹಾರಿಸಿ ಗಂಟೆಗೆ 1,170 ಕಿಲೋಮೀಟರ್ ಮೀರಿದ ವಿಶ್ವದಾಖಲೆ ಮಾಡಿದರು. ದಿನ ಸೆಪ್ಟೆಂಬರ್ 7. ಹಲ್ ಸತ್ತು ಅಂದಿಗೆ ಸರಿಯಾಗಿ 13 ವರ್ಷ. 1970ರಲ್ಲಿ ನೆಲೆ ಮುಚ್ಚಿತು. 1982ರಲ್ಲಿ ಮೈದಾನದ ಅಂಚಿನಲ್ಲಿ ಒಂದು ವಸ್ತುಸಂಗ್ರಹಾಲಯ ಬಂತು. ನಡುವಿನ ನೆಲ ಹೊಲಕ್ಕೂ ಮೆಣಸಿನಕಾಯಿಗೂ ಹೋಯಿತು. ಚರ್ಚಿಗೆ ಮಾತ್ರ ಏನೂ ಆಗಲಿಲ್ಲ. ವಾಯುಪಡೆ ಬರುವ ಮೊದಲೂ ಅದಕ್ಕೆ ಎಂಟುನೂರು ವರ್ಷವಾಗಿತ್ತು.

ಇನ್ನೊಂದು ಮಾತು ಉಳಿದಿದೆ. ಆ ಜೂನ್ ರಾತ್ರಿಯ ಲೈಸ್ಯಾಂಡರ್‌ಗಳು ಖಾಲಿ ವಾಪಸ್ ಬರಲಿಲ್ಲ. ನೂರ್ ಇಳಿದ ಹುಲ್ಲುಗಾವಲಿನಿಂದಲೇ ಹತ್ತಿ ಬಂದವರಲ್ಲಿ ಜ್ಯಾಕ್ ಅಗಜೇರಿಯನ್ ಒಬ್ಬರು. ಅವರೂ ವೈರ್‌ಲೆಸ್ ಆಪರೇಟರ್. ಹೆಂಡತಿ ಫ್ರಾನ್ಸಿನ್ ಕೂಡ ಜೊತೆಗಿದ್ದರು. ಇಬ್ಬರೂ ಕ್ಷೇಮವಾಗಿ ಇಂಗ್ಲೆಂಡ್ ಮುಟ್ಟಿದರು. ಐದು ವಾರ ಕಳೆದ ಮೇಲೆ ಜ್ಯಾಕ್ ಅವರನ್ನು ಮತ್ತೆ ಫ್ರಾನ್ಸಿಗೆ ಕಳಿಸಿದರು. ಈ ಸಲ ಫ್ರಾನ್ಸಿನ್ ಜೊತೆಗೆ ಹೋಗಲಿಲ್ಲ, ಇಂಗ್ಲೆಂಡಿನಲ್ಲಿ ಉಳಿದರು. ಜುಲೈ ಮುಗಿಯುವ ಮೊದಲೇ ಜ್ಯಾಕ್ ಸಿಕ್ಕಿಬಿದ್ದರು. 1945ರ ಮಾರ್ಚ್ 29ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಕೊಂದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಆಗ ಆರು ವಾರವೂ ಉಳಿದಿರಲಿಲ್ಲ.